ಅಲೈನ್‌ಮೆಂಟ್ ಅಂದರೆ ಯಾವುದು, ಯಾವುದಲ್ಲ

ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟ್. ಕಾರು ಎಡಕ್ಕೆ ಎಳೆದರೆ ಅಲೈನ್‌ಮೆಂಟ್. ತಿರುಗಿಸೋಕೆ ಬಿಗಿಯಾದರೂ ಅಲೈನ್‌ಮೆಂಟ್. ಮೈಸೂರಲ್ಲಿ ಈ ಒಂದು ಪದದ ಮೇಲೆ ನಾವು ಹೊರಿಸಿರುವ ಭಾರ ಜಾಸ್ತಿಯಾಯಿತು. ಮೊನ್ನೆ ಬನ್ನಿಮಂಟಪದ ಕಡೆ ಒಂದು ಟೈರ್ ಅಂಗಡಿಯಲ್ಲಿ ಒಬ್ಬರು, "ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರುತ್ತೆ, ಅಲೈನ್‌ಮೆಂಟ್ ಮಾಡಿಬಿಡಿ" ಅಂದರು. ಅಂಗಡಿಯವರೂ ಮರುಮಾತಾಡದೆ ಕಾರನ್ನು ಮೆಷಿನ್ ಮೇಲೆ ಹತ್ತಿಸಿದರು. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಮೊದಲು ನೋಡಬೇಕಾದ್ದು ಬ್ರೇಕಿನ ಡಿಸ್ಕ್ ಸಮವಾಗಿದೆಯಾ ಅಂತ. ಅಲೈನ್‌ಮೆಂಟ್‌ಗೆ ಕೊಟ್ಟ ದುಡ್ಡಿನಿಂದ ಡಿಸ್ಕ್ ನೆಟ್ಟಗಾಗುವುದಿಲ್ಲ.

ಅರ್ಥ ಪದದ ಒಳಗೇ ಇದೆ. ಅಲೈನ್ ಅನ್ನೋದರಲ್ಲಿ ಕೂತಿರುವುದು ಲೈನ್. ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂತು, ಅದರ ಹಿಂದಿರುವುದು ಲ್ಯಾಟಿನ್ನಿನ ಲಿನಿಯ. ಲಿನಿಯ ಅಂದರೆ ಮೊದಲಿಗೆ ಅಗಸೆ ನಾರಿನ ದಾರ. ಲಿನನ್ ಬಟ್ಟೆಯ ಹೆಸರೂ ಅದೇ ಬುಡದ್ದು. ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಗೆರೆ ಸಿಗುತ್ತೆ. ಮಂಡ್ಯದ ಗದ್ದೆಗಳಲ್ಲಿ ಸಾಲು ನಾಟಿಗೆ ಹಗ್ಗ ಹಿಡಿಯುತ್ತಾರಲ್ಲ, ಅದೇ ಕೆಲಸ. ಕಂಪ್ಯೂಟರ್ ಮೆಷಿನ್ ಬರುವ ಮೊದಲು ಕಾರಿಗೂ ಹೀಗೇ ಮಾಡುತ್ತಿದ್ದರು. ಎರಡೂ ಪಕ್ಕಕ್ಕೆ ದಾರ ಕಟ್ಟಿ, ಅಲ್ಲಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ಅಳೆಯುತ್ತಿದ್ದರು. ರೇಸ್ ಕಾರುಗಳಿಗೆ ಈಗಲೂ ದಾರ ಕಟ್ಟುವವರಿದ್ದಾರೆ. ಅಂದರೆ ಅಲೈನ್‌ಮೆಂಟ್ ಅನ್ನೋದು ಚಕ್ರ ಯಾವ ಕಡೆ ಮುಖ ಮಾಡಿದೆ, ಎಷ್ಟು ವಾಲಿದೆ ಅನ್ನುವ ಲೆಕ್ಕ. ಚಕ್ರದ ತೂಕಕ್ಕೂ ಪವರ್ ಸ್ಟೀರಿಂಗಿಗೂ ಇದಕ್ಕೂ ಸಂಬಂಧವಿಲ್ಲ.

ಲೆಕ್ಕದಲ್ಲಿ ಮೂರು ಕೋನಗಳಿವೆ: ಟೋ, ಕ್ಯಾಂಬರ್, ಕ್ಯಾಸ್ಟರ್. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ತಿರುಗಿಸಿ ಸರಿಮಾಡೋಕೆ ಬರುವುದು ಮುಂದಿನ ಚಕ್ರಗಳ ಟೋ ಒಂದೇ. ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೆ ತಿರುಗಿದೆಯೋ ಹೊರಕ್ಕೋ, ಅದೇ ಟೋ. ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಸ್ಟೀರಿಂಗ್ ತಾನಾಗಿ ನೆಟ್ಟಗೆ ಮರಳುವುದಕ್ಕೆ ಕ್ಯಾಸ್ಟರ್ ಕಾರಣ. ಟೋ ಮಾತ್ರ ಸರಿಮಾಡೋಕೆ ಬರುವ ಕಾರಿನಲ್ಲಿ ಕ್ಯಾಂಬರ್ ಬಹಳ ತಪ್ಪಿದ್ದರೆ ಯಾವುದೋ ಭಾಗ ಬಗ್ಗಿದೆ ಅಥವಾ ಸವೆದಿದೆ ಅಂತಲೇ ನೋಡಬೇಕು.

ನಿಜವಾಗಿಯೂ ಟೋ ತಪ್ಪಿದ್ದರೆ ಗುರುತು ಹೀಗಿರುತ್ತೆ. ನೇರ ರಸ್ತೆಯಲ್ಲಿ ಕಾರು ನೇರವಾಗೇ ಹೋಗುತ್ತೆ, ಆದರೆ ಸ್ಟೀರಿಂಗ್ ಒಂದು ಪಕ್ಕಕ್ಕೆ ವಾಲಿರುತ್ತೆ. ಕಾರು ನಿಲ್ಲಿಸಿ ಮುಂದಿನ ಟೈರಿನ ಮೇಲೆ ಅಂಗೈ ಅಡ್ಡಡ್ಡ ಸವರಿ ನೋಡಿ. ಒಳಗಿಂದ ಹೊರಕ್ಕೆ ಸವರಿದಾಗ ನುಣುಪು, ಹೊರಗಿಂದ ಒಳಕ್ಕೆ ತಂದಾಗ ರಬ್ಬರಿನ ಅಂಚು ಕೈಗೆ ತರಿತರಿಯಾಗಿ ತಗುಲುತ್ತೆ. ಅಥವಾ ಇದಕ್ಕೆ ತಿರುವುಮುರುವು. ಚಕ್ರ ಉರುಳುವ ಜೊತೆಗೆ ಪಕ್ಕಕ್ಕೂ ಉಜ್ಜಿಕೊಂಡು ಹೋಗಿದೆ ಅಂತ ಅರ್ಥ.

ಅತಿ ದೊಡ್ಡ ಗೊಂದಲ ಬ್ಯಾಲೆನ್ಸಿಂಗ್ ಜೊತೆಗಿನದು. "ಅಲೈನ್‌ಮೆಂಟ್-ಬ್ಯಾಲೆನ್ಸಿಂಗ್" ಅಂತ ಒಂದೇ ಉಸಿರಿಗೆ ಹೇಳಿ ಹೇಳಿ ಎರಡೂ ಒಂದೇ ಅನಿಸಿಬಿಟ್ಟಿದೆ. ಬ್ಯಾಲೆನ್ಸಿಂಗ್ ತೂಕದ ವಿಷಯ. ಟೈರು ಮತ್ತು ರಿಮ್ ಸುತ್ತುವಾಗ ಒಂದು ಕಡೆ ಕೆಲವೇ ಗ್ರಾಂ ಭಾರ ಹೆಚ್ಚಿದ್ದರೂ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುತ್ತೆ. ಸಾಮಾನ್ಯವಾಗಿ 80ರಿಂದ 100ರ ನಡುವೆ ಗೊತ್ತಾಗುತ್ತೆ. ಸಯ್ಯಾಜಿರಾವ್ ರಸ್ತೆಯ ಟ್ರಾಫಿಕ್ಕಿನಲ್ಲಿ ಇದು ತಿಳಿಯುವುದೇ ಇಲ್ಲ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ ದಾಟಿ 100ರಲ್ಲಿ ಹೋಗುವವರಿಗೆ ಹಳೆಯ ನಡುಕ ಹೊಸದಾಗಿ ಕಂಡಿದೆ, ಅಷ್ಟೇ. ರಿಮ್ಮಿನ ಒಳಮೈ ನೋಡಿ. ಅಂಟಿಸಿದ್ದ ತೂಕದ ತುಂಡು ಬಿದ್ದಿದ್ದರೆ ಆ ಜಾಗದಲ್ಲಿ ಧೂಳಿಲ್ಲದ ಚಿಕ್ಕ ಚೌಕವೋ ಹಳೇ ಅಂಟೋ ಉಳಿದಿರಬಹುದು. ಮಣ್ಣಿನ ರಸ್ತೆಯಲ್ಲಿ ಹೋಗಿ ರಿಮ್ಮಿಗೆ ಕೆಸರು ಮೆತ್ತಿದ್ದರೂ ಹೀಗೇ ನಡುಗುತ್ತೆ. ಆಗ ಸುಮ್ನೆ ತೊಳೆದರೆ ಸಾಕು.

ಒಂದು ಪಕ್ಕಕ್ಕೆ ಎಳೆಯುವುದರಲ್ಲಿ ಅಲೈನ್‌ಮೆಂಟ್‌ನ ಪಾಲು ಇರಬಹುದು. ಆದರೆ ಮೊದಲು ಗಾಳಿ ನೋಡಬೇಕು ಅಲ್ವಾ? ಎಡ ಟೈರಲ್ಲಿ ಗಾಳಿ ಕಡಿಮೆಯಿದ್ದರೆ ಕಾರು ಎಡಕ್ಕೇ ಎಳೆಯುತ್ತೆ. ನೀರು ಹರಿದುಹೋಗಲಿ ಅಂತ ರಸ್ತೆಯನ್ನೇ ಇಳಿಜಾರಾಗಿ ಹಾಕಿರುತ್ತಾರೆ, ಹಾಗಾಗಿ ಎಡಬದಿಯಲ್ಲಿ ಹೋಗುವಾಗ ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿದಾಗ ಎಳೆತವೂ ಪಕ್ಕ ಬದಲಿಸಿದರೆ ದೋಷ ಟೈರಿನದು. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕು ತೋರಿಸುವ ಬಾಣದ ಗುರುತಿದ್ದರೆ ಹೀಗೆ ಬದಲಿಸಬೇಡಿ. ಒಂದು ಚಕ್ರ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು.

ಸ್ಟೀರಿಂಗ್ ಬಿಗಿಯಾದರೆ ಹಳೇ ಹೈಡ್ರಾಲಿಕ್ ಕಾರಿನಲ್ಲಿ ಆಯಿಲ್ ಮಟ್ಟ ಮತ್ತು ಬೆಲ್ಟ್ ನೋಡಿ. ಈಗಿನ ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನಲ್ಲಿ ಆಯಿಲ್ಲೇ ಇರುವುದಿಲ್ಲ, ಬ್ಯಾಟರಿ ಸೋತರೂ ಬಿಗಿಯಾಗಬಹುದು.

ಕೊನೆಯದು ಪ್ಲೇ, ಅಂದರೆ ಜೋಡಣೆಯಲ್ಲಿನ ಸಡಿಲ. ಸ್ಟೀರಿಂಗ್ ತಿರುಗಿಸಿದರೂ ಚಕ್ರ ತಕ್ಷಣ ತಿರುಗದಿದ್ದರೆ, ಹಂಪ್ ಮೇಲೆ ಟಕ್ ಟಕ್ ಸದ್ದು ಬಂದರೆ ಕಾರನ್ನು ಸರಿಯಾಗಿ ಎತ್ತಿ ನಿಲ್ಲಿಸಿ ಚಕ್ರದ ಎಡಬಲ ಅಂಚು ಹಿಡಿದು ಅಲ್ಲಾಡಿಸಲು ಮೆಕ್ಯಾನಿಕ್‌ಗೆ ಹೇಳಿ. ಸಡಿಲ ಕಂಡರೆ ಹೆಚ್ಚಾಗಿ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ರಾಡಿನ ತುದಿಯ ಕೀಲು, ಸವೆದಿರುತ್ತೆ. ಮೇಲೆ ಕೆಳಗೆ ಹಿಡಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಇದನ್ನು ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಕೂರಿಸಿದ ಕೋನ ನಿಲ್ಲುವುದಿಲ್ಲ. ಟೈ ರಾಡ್ ಎಂಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಯಾಕಂದರೆ ಟೋ ಕೂರುವುದೇ ಆ ರಾಡಿನ ಉದ್ದದ ಮೇಲೆ.