ಗ್ಯಾಸ್ ಗೀಸರ್ ಬಚ್ಚಲಿನ ಒಳಗೆ ಬೇಡ

ಮಾಗಿ ಚಳಿ ಶುರುವಾಯಿತು ಅಂದರೆ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಗೀಸರ್‌ನವೇ. ಮೈಸೂರಿನಲ್ಲಿ ಪ್ಲಂಬಿಂಗ್, ವೈರಿಂಗ್ ಎರಡೂ ಮಾಡುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಒಂದು ಮನೆಗೆ ಹೊಸ ಗ್ಯಾಸ್ ಗೀಸರ್ ಕೂರಿಸಲು ಹೋಗಿದ್ದೆ. ಬಚ್ಚಲಿನ ವೆಂಟಿಲೇಟರ್‌ಗೆ ರಟ್ಟು ತುರುಕಿದ್ದರು. ಮನೆಯ ಅಜ್ಜಿ ಹೇಳಿದರು: "ಮಗೂಗೆ ನೀರು ಹಾಕುವಾಗ ಥಂಡಿ ಗಾಳಿ ಬರುತ್ತೆ ಕಣಪ್ಪಾ, ಅದಕ್ಕೇ ಮುಚ್ಚಿದೀನಿ."

ಗೀಸರನ್ನು ಆ ಗೋಡೆಗೆ ಕೂರಿಸುವುದಿಲ್ಲ ಎಂದೆ. ಅವರಿಗೆ ಬೇಜಾರಾಯಿತು. ಆದರೂ ಕೂತು ವಿವರಿಸಿದೆ.

ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ನಮ್ಮ ಬಚ್ಚಲುಗಳು ಎಷ್ಟು ದೊಡ್ಡವು? ಐದು ಅಡಿ, ಏಳು ಅಡಿ. ಬಾಗಿಲು ಹಾಕಿ, ವೆಂಟಿಲೇಟರ್ ಮುಚ್ಚಿ ಗೀಸರ್ ಹಚ್ಚಿದರೆ ಒಳಗಿನ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ.

"ಲೀಕ್ ಆದರೆ ವಾಸನೆ ಬರುತ್ತಲ್ವಾ?" ಎಂದು ಬಹಳ ಜನ ಕೇಳುತ್ತಾರೆ. ಆ ವಾಸನೆ ಸಿಲಿಂಡರ್ ಗ್ಯಾಸ್‌ನದು. ಸೋರಿದರೆ ಗೊತ್ತಾಗಲಿ ಎಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಕೈಕಾಲಿನಲ್ಲಿ ಶಕ್ತಿಯೇ ಇಲ್ಲದಂತಾಗುವುದು. ಒಳಗಿರುವವರಿಗೆ ಎದ್ದು ಚಿಲಕ ತೆಗೆಯಲೂ ಆಗದೆ ಹೋಗಬಹುದು.

ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕು ಎನ್ನುವವರೂ ಇದ್ದಾರೆ. ಸಾಲದು. ಹೊಸ ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ತಿರುಗಿ ಏನು ಪ್ರಯೋಜನ? ಅದೂ ಅಲ್ಲದೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ. ಗೀಸರ್ ಹೊತ್ತಿಕೊಳ್ಳುವುದು ಬಹಳ ಸಲ ಅದರ ಬ್ಯಾಟರಿಯಿಂದ, ಹಾಗಾಗಿ ಅದು ಉರಿಯುತ್ತಲೇ ಇರುತ್ತದೆ.

ನಮ್ಮ ಅಜ್ಜಿಯ ಊರಿನ ಬಚ್ಚಲಲ್ಲಿ ಹಂಡೆ ಒಲೆ ಇತ್ತು. ಕರಟ, ತೆಂಗಿನ ಗರಿ, ಅಡಿಕೆ ಸಿಪ್ಪೆ ಹಾಕಿ ಉರಿ ಮಾಡುತ್ತಿದ್ದರು. ನೀರು ತುಂಬುವ ಹಬ್ಬದ ದಿನ ಆ ಹಂಡೆಯನ್ನು ತೊಳೆದು ಪೂಜೆ ಮಾಡುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೊಗೆಗೆ ಕಣ್ಣು ಉರಿಯುತ್ತಿತ್ತು, ನಿಜ. ಆದರೆ ಹಂಚಿನ ಸಂದಿಗಳಲ್ಲಿ ಗಾಳಿ ಆಡುತ್ತಿತ್ತು. ಈಗ ಮೇಲೆ ತಾರಸಿ, ಸುತ್ತ ಟೈಲ್ಸ್, ಬಾಗಿಲಿನ ಕೆಳಗೂ ಸಂದಿ ಇಲ್ಲ. ಇಂಥ ಕೋಣೆಯೊಳಗೆ ಬೆಂಕಿ ಉರಿಸಬಾರದು.

ಹಾಗಾಗಿ ಗ್ಯಾಸ್ ಗೀಸರ್ ಬೇಕೇ ಬೇಕು ಎಂದರೆ ಗಾಳಿಯಾಡುವ ಯುಟಿಲಿಟಿಯಲ್ಲೋ ತೆರೆದ ಬಾಲ್ಕನಿಯಲ್ಲೋ ಕೂರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಅಂಥ ಜಾಗವೇ ಇಲ್ಲದಿದ್ದರೆ ಕರೆಂಟಿನ ಗೀಸರ್ ವಾಸಿ. 15 ಲೀಟರ್, 2 ಕಿಲೋವ್ಯಾಟ್‌ನ ಗೀಸರ್‌ನಲ್ಲಿ 20 ಡಿಗ್ರಿಯ ನೀರು 60 ಡಿಗ್ರಿಗೆ ಬರಲು ಸುಮಾರು 20 ನಿಮಿಷ ಸಾಕು, ಮುಕ್ಕಾಲು ಯೂನಿಟ್ ಕೂಡ ಬೇಡ. ಸುಮ್ನೆ ಬೆಳಗಿಂದ ಆನ್ ಇಡಬೇಡಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಈಗಾಗಲೇ ಒಳಗೆ ಗ್ಯಾಸ್ ಗೀಸರ್ ಇರುವವರು ಅದನ್ನು ಹೊರಗೆ ಹಾಕಿಸುವ ತನಕ ಬಾಗಿಲು, ವೆಂಟಿಲೇಟರ್ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ. ಗೀಸರ್ ಆಫ್ ಮಾಡಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಆಮೇಲೆ ಬಾಗಿಲು ಹಾಕಿಕೊಂಡು ಸ್ನಾನ ಮಾಡಿ. ಒಳಗಿರುವವರು ಕೂಗಿದರೆ ಓಗೊಡದಿದ್ದರೆ ಬಾಗಿಲು ಒಡೆಯಲು ಹಿಂದೆಮುಂದೆ ನೋಡಬೇಡಿ. ಅವರನ್ನು ಹೊರಗಿನ ಗಾಳಿಗೆ ತನ್ನಿ, ಗ್ಯಾಸ್ ಆಫ್ ಮಾಡಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಮರೆಯದೆ ಹೇಳಿ.

ಆ ಮನೆಯ ಗೀಸರ್ ಈಗ ಹಿಂದಿನ ಯುಟಿಲಿಟಿಯಲ್ಲಿದೆ. ಬಚ್ಚಲಿಗೆ ಎಳೆದದ್ದು ಬರೀ ಎಂಟು ಅಡಿ ಪೈಪ್. ಒಳಗೆ ಬೆಂಕಿಯೇ ಇಲ್ಲವಲ್ಲ, ಮಗುವಿಗೆ ನೀರು ಹಾಕುವಷ್ಟು ಹೊತ್ತು ಅಜ್ಜಿ ವೆಂಟಿಲೇಟರ್‌ಗೆ ರಟ್ಟು ಇಟ್ಟುಕೊಳ್ಳಬಹುದು.