ಜಿಮ್ನೊಪೆದಿ ಎಂದರೆ ಕುಣಿತ

ಮೆಲ್ಲಗೆ ನುಡಿಯುವ ಪಿಯಾನೊ ತುಣುಕು ಯಾವುದೇ ಸಿಗಲಿ, ‘ಜಿಮ್ನೊಪೆದಿ’ ಎಂದು ಹೆಸರಿಟ್ಟು ನಿದ್ದೆ ಬರಿಸುವ ಸಂಗೀತದ ಪಟ್ಟಿಗೆ ಸೇರಿಸುವುದು ರೂಢಿಯಾಗಿಬಿಟ್ಟಿದೆ. ಫ್ರಾನ್ಸಿನ ಎರಿಕ್ ಸಾತೀ 1888ರಲ್ಲಿ ರಚಿಸಿದ ಮೂರು ಪುಟ್ಟ ಪಿಯಾನೊ ಕೃತಿಗಳ ಹೆಸರದು. ಎಲ್ಲರ ಕಿವಿಗೂ ಬಿದ್ದಿರುವುದು ಮೊದಲನೆಯದು.

ಹೆಸರಿಗೆ ಕೊಡುವ ವಿವರಣೆಯಂತೂ ಇನ್ನೂ ದಾರಿ ತಪ್ಪಿಸುತ್ತದೆ: ‘ಪೆದಿ’ ಎಂದರೆ ಪಾದವಂತೆ, ಹಾಗಾಗಿ ಇದು ಬರಿಗಾಲ ನಡಿಗೆಯಂತೆ! ಪೆಡಲ್, ಪೆಡಿಕ್ಯೂರ್‌ಗಳಲ್ಲಿರುವ ಪಾದ ಲ್ಯಾಟಿನ್ನಿನದು. ಈ ಪದ ಗ್ರೀಕ್. ‘ಗುಮ್ನೊಸ್’ ಎಂದರೆ ಬೆತ್ತಲೆ. ನಿರಾಯುಧ ಎಂಬರ್ಥವೂ ಉಂಟು. ಗ್ರೀಕರು ಬಟ್ಟೆ ಕಳಚಿಟ್ಟು ಕಸರತ್ತು ಮಾಡುತ್ತಿದ್ದುದರಿಂದ ಜಿಮ್ನೇಷಿಯಂ ಕೂಡ ಇದೇ ಬೇರಿನದು. ಉಳಿದರ್ಧಕ್ಕೆ ಕೆಲವರು ಮಗು ಎಂಬರ್ಥದ ‘ಪೈಸ್’ ಅನ್ನು ಮೂಲವೆಂದರೆ, ಕೆಲವರು ಆಡು, ಕುಣಿ ಎಂಬರ್ಥದ ‘ಪೈಜೊ’ವನ್ನು ಹೇಳುತ್ತಾರೆ. ಅವೆರಡೂ ನೆಂಟ ಪದಗಳೇ. ಪಾದಕ್ಕೆ ಇಲ್ಲಿ ಜಾಗವಿಲ್ಲ.

ಗುಮ್ನೊಪೈದಿಯಾ ಎಂಬುದು ಪ್ರಾಚೀನ ಗ್ರೀಸಿನ ಸ್ಪಾರ್ಟಾದಲ್ಲಿ ಅಪೊಲೊ ದೇವರಿಗಾಗಿ ಬೇಸಿಗೆಯಲ್ಲಿ ನಡೆಯುತ್ತಿದ್ದ ಹಾಡು-ಕುಣಿತದ ಹಬ್ಬ. ಸ್ಪಾರ್ಟಾದವರಿಗೆ ಅದು ಎಷ್ಟು ಗಂಭೀರವೆಂದರೆ, ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾ ಯುದ್ಧದಲ್ಲಿ ಸೋತ ಸುದ್ದಿ ಬಂದಾಗ ಗಂಡಸರ ಮೇಳ ನಡೆದಿತ್ತು, ಅಧಿಕಾರಿಗಳು ಅದನ್ನು ನಿಲ್ಲಿಸಲಿಲ್ಲ. ಮಡಿದವರ ಹೆಸರನ್ನು ಮನೆಯವರಿಗೆ ತಿಳಿಸಿ, ಗೋಳಾಡಬೇಡಿರೆಂದು ಹೆಂಗಸರಿಗೆ ಹೇಳಿದರೆಂದು ಗ್ರೀಕ್ ಇತಿಹಾಸಕಾರ ಜೆನೊಫೊನ್ ಬರೆದಿದ್ದಾನೆ. ಫ್ರೆಂಚರಿಗೆ ಈ ಪದ ಹೊಸದೇನಾಗಿರಲಿಲ್ಲ. ರೂಸೊ 1768ರಲ್ಲೇ ತನ್ನ ಸಂಗೀತ ನಿಘಂಟಿನಲ್ಲಿ ಅದನ್ನು ಸೇರಿಸಿದ್ದ.

ಕುಣಿತವೆಂಬುದನ್ನು ಮರೆತು ಕೇಳಿದರೆ ಕೃತಿಯ ಅರ್ಧ ಕೈಬಿಟ್ಟಂತೆಯೇ. ಮೊದಲನೆಯದರ ಎಡಗೈ ನೋಡಿ. ಮೂರೆಣಿಕೆಯ ತಾಳ, ಒಂದನೆಯದಕ್ಕೆ ಕೆಳಗಿನ ಒಂಟಿ ಸ್ವರ, ಎರಡನೆಯದಕ್ಕೆ ಕೈ ಮೇಲಕ್ಕೆ ಜಿಗಿದು ಒತ್ತುವ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಹಲವು ಸ್ವರ. ಅದು ಮೂರನೆಯ ಎಣಿಕೆಯುದ್ದಕ್ಕೂ ಹಾಗೇ ಮೊಳಗುತ್ತಿರುತ್ತದೆ. ಇಟ್ಟ ಹೆಜ್ಜೆ, ಎತ್ತಿದ ಹೆಜ್ಜೆ, ತಡೆದು ನಿಂತ ಮೈ. ನಾಲ್ಕು ಆವರ್ತ ಇಷ್ಟೇ ನಡೆದ ಮೇಲೆ ಬಲಗೈ ರಾಗ ಎತ್ತುತ್ತದೆ, ಅದೂ ಎರಡನೆಯ ಎಣಿಕೆಯಲ್ಲಿ. ‘ನಿಧಾನವಾಗಿ, ನೋವಿನಿಂದ’ ಎಂಬುದು ಸಾತೀ ಸ್ವತಃ ಕೊಟ್ಟ ಸೂಚನೆ. ಡಿ ಮೇಜರ್‌ನಲ್ಲಿ ಶುರುವಾದದ್ದು ದುಃಖದ ಛಾಯೆಯ ಡಿ ಮೈನರ್‌ನಲ್ಲಿ ಮುಗಿಯುತ್ತದೆ. ಇದನ್ನು ಹಿತವಾದ ಜೋಗುಳವೆನ್ನಲು ನನಗೆ ಮನಸ್ಸೊಪ್ಪುವುದಿಲ್ಲ.

ಪೀಠೋಪಕರಣದಂತೆ ಗಮನ ಸೆಳೆಯದೆ ಹಿನ್ನೆಲೆಯಲ್ಲಿರುವ ‘ಪೀಠೋಪಕರಣ ಸಂಗೀತ’ವೆಂಬ ಸಾತೀಯ ಮಾತನ್ನು ಇದಕ್ಕೆ ಅಂಟಿಸುವುದೂ ತಪ್ಪು, ಆ ಕಲ್ಪನೆ ಬಂದದ್ದು ಸುಮಾರು ಮೂರು ದಶಕದ ನಂತರ. ಸಾತೀಯವೇ ಆದ ‘ನೊಸಿಯೆನ್’ ಎಂಬ ಪಿಯಾನೊ ತುಣುಕುಗಳನ್ನೂ ಇವುಗಳೊಂದಿಗೆ ಬೆರೆಸಬಾರದು, ಅವು ಬೇರೆಯೇ ಕೃತಿಗಳು. ಅವುಗಳಲ್ಲಿ ಮೊದಲಿನವಕ್ಕೆ ಆವರ್ತ ಗುರುತಿಸುವ ಗೆರೆಗಳೇ ಇಲ್ಲ.

ಧ್ವನಿಮುದ್ರಣ ಹುಡುಕುವವರು ಇನ್ನೊಂದನ್ನು ಗಮನಿಸಬೇಕು. ಫ್ರೆಂಚ್ ಸಂಗೀತಕಾರ ಡೆಬ್ಯುಸಿ ಒಂದನೆಯದನ್ನೂ ಮೂರನೆಯದನ್ನೂ ಆರ್ಕೆಸ್ಟ್ರಾಕ್ಕೆ ಅಳವಡಿಸಿದಾಗ ಅಂಕಿಗಳನ್ನು ಅದಲುಬದಲು ಮಾಡಿದ. ಆರ್ಕೆಸ್ಟ್ರಾ ಧ್ವನಿಮುದ್ರಣದ ಮೇಲೆ ಅವನ ಅಂಕಿಯಂತೆ ‘1’ ಎಂದಿದ್ದರೆ ನಿಮಗೆ ಕೇಳಿಸುವುದು ಪಿಯಾನೊದ ಮೂರನೆಯದು.