21 ದಿನ ಬಿಡದೆ ಮಾಡಿದ್ರೂ ಅಭ್ಯಾಸ ಆಗ್ಲಿಲ್ಲ, ಯಾಕೆ ಸರ್?

ಪ್ರಶ್ನೆ: "ಸರ್, ನಾನು ಎಫ್‌ಡಿಎ, ಪಿಡಿಒ ಎಕ್ಸಾಮ್‌ಗೆ ಓದ್ತಾ ಇದೀನಿ, ವಿಜಯನಗರದಲ್ಲಿ ಪಿಜಿ. ಬೆಳಿಗ್ಗೆ 5 ಗಂಟೆಗೆ ಎದ್ದು ಓದ್ಬೇಕು ಅಂತ ಗೋಲ್ ಇಟ್ಕೊಂಡೆ. 21 ದಿನ ಬಿಡದೆ ಮಾಡಿದ್ರೆ ಯಾವುದಾದ್ರೂ ಅಭ್ಯಾಸ ಆಗುತ್ತೆ ಅಂತ ವಿಡಿಯೋದಲ್ಲಿ ಹೇಳಿದ್ರು, ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕ್ತಾ 21 ದಿನ ಪೂರ್ತಿ ಮಾಡಿದೆ. ಆಮೇಲೆ ಹಬ್ಬಕ್ಕೆ ಊರಿಗೆ ಹೋಗಿ ಬಂದೆ, ಅಷ್ಟೇ ಸರ್, ಈಗ 7 ಗಂಟೆಗೂ ಏಳೋಕಾಗ್ತಿಲ್ಲ. ನನಗೆ ವಿಲ್ ಪವರ್ ಇಲ್ವಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ಲೆಕ್ಕ ಇಲ್ಲ. ಒಬ್ಬರಿಗೆ ಓದು, ಇನ್ನೊಬ್ಬರಿಗೆ ವಾಕಿಂಗ್, ಮತ್ತೊಬ್ಬರಿಗೆ ಕಾಫಿಗೆ ಸಕ್ಕರೆ ಬಿಡೋದು, ವಿಷಯ ಬದಲಾಗುತ್ತೆ, ಆ 21 ಮಾತ್ರ ಅಲ್ಲಾಡಲ್ಲ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸಿ ಸುಮ್ನಾಗ್ತೀನಿ.

ಮೊದಲು ಚಿಕ್ಕ ಉತ್ತರ. ನಿಮ್ಮ ವಿಲ್ ಪವರ್‌ಗೆ ಏನೂ ಆಗಿಲ್ಲ. ಪಿಜಿಯಲ್ಲಿ ಇದ್ಕೊಂಡು, ಆ ಗಲಾಟೆಲಿ, 21 ದಿನ ಬೆಳಿಗ್ಗೆ 5ಕ್ಕೆ ಎದ್ದವರಿಗೆ ವಿಲ್ ಪವರ್ ಇಲ್ಲ ಅಂದ್ರೆ ಇನ್ಯಾರಿಗಿದೆ? ತಪ್ಪಿರೋದು ಆ ಲೆಕ್ಕದಲ್ಲಿ.

ಆ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬರು ಪ್ಲಾಸ್ಟಿಕ್ ಸರ್ಜನ್ ಇದ್ರು. ಅಭ್ಯಾಸದ ಬಗ್ಗೆ ರಿಸರ್ಚ್ ಮಾಡಿದವರಲ್ಲ, ಮೂಗು ಮುಖ ಸರಿ ಮಾಡ್ತಿದ್ದವರು. ಆಪರೇಷನ್ ಆದ್ಮೇಲೆ ಕನ್ನಡಿಲಿ ಕಾಣೋ ಹೊಸ ಮುಖ ತನ್ನದೇ ಅಂತ ಪೇಷಂಟ್‌ಗೆ ಒಗ್ಗೋಕೆ ಸುಮಾರು 21 ದಿನ ಬೇಕು ಅಂತ ಅವರಿಗೆ ಅನಿಸ್ತು. ಕೈಯೋ ಕಾಲೋ ತೆಗೆದವರಿಗೆ ಅದು ಇನ್ನೂ ಇದೆ ಅನ್ನೋ ಭ್ರಮೆ ಇರುತ್ತಲ್ಲ, ಅದೂ ಸುಮಾರು ಅಷ್ಟೇ ದಿನ ಅಂತ ಬರೆದ್ರು. 1960ರಲ್ಲಿ ಬಂದ ಅವರ ಪುಸ್ತಕದಲ್ಲಿ ಇರೋದು ಇಷ್ಟೇ, ಮನಸ್ಸಲ್ಲಿ ಕೂತ ಹಳೇ ಚಿತ್ರ ಹೋಗಿ ಹೊಸದು ಬರೋಕೆ "ಕಡಿಮೆ ಅಂದ್ರೂ ಸುಮಾರು" 21 ದಿನ ಬೇಕು ಅಂತ. ಪುಸ್ತಕ ಸಿಕ್ಕಾಪಟ್ಟೆ ಓಡ್ತು, ಅದನ್ನ ಓದಿದ ಭಾಷಣಕಾರರು ಮೊದಲು "ಸುಮಾರು" ಬಿಟ್ರು, ಆಮೇಲೆ "ಕಡಿಮೆ ಅಂದ್ರೂ" ಬಿಟ್ರು, ಕೊನೆಗೆ ಮೂಗನ್ನೂ ಬಿಟ್ಟು 21 ಒಂದನ್ನೇ ಹಿಡ್ಕೊಂಡ್ರು. ಅದೇ ಇವತ್ತು ನಿಮ್ಮ ಫೋನಿಗೆ ಚಾಲೆಂಜ್ ಅಂತ ಬರ್ತಿರೋದು. ಮುಖಕ್ಕೆ ಒಗ್ಗೋದಕ್ಕೂ ಸಂವಿಧಾನದ ವಿಧಿಗಳನ್ನ ಬಾಯಿಪಾಠ ಮಾಡೋಕೆ 5ಕ್ಕೆ ಏಳೋದಕ್ಕೂ ಏನು ಸಂಬಂಧ ಅಂತ ಒಬ್ಬರೂ ಕೇಳಲ್ಲ!

ಹಾಗಾದ್ರೆ ಎಷ್ಟು ದಿನ ಬೇಕು ಸರ್ ಅಂತೀರಿ, ಗೊತ್ತು. ಲಂಡನ್‌ನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು ಇದನ್ನ ನಿಜವಾಗ್ಲೂ ಅಳೆದು ನೋಡಿದ್ರು, 2010ರಲ್ಲಿ ಅಚ್ಚಾಯ್ತು. 96 ಜನ. ಒಬ್ಬೊಬ್ಬರೂ ಒಂದೊಂದು ಸಣ್ಣ ಕೆಲಸ ಆರಿಸ್ಕೋಬೇಕು, ಊಟದ ಜೊತೆ ಒಂದು ಹಣ್ಣು, ಒಂದು ಬಾಟಲಿ ನೀರು, ರಾತ್ರಿ ಊಟಕ್ಕೆ ಮುಂಚೆ 15 ನಿಮಿಷ ಓಟ, ಈ ಥರದ್ದು. ದಿನಾ ಅದೇ ಹೊತ್ತಿಗೆ, ಅದೇ ಸಂದರ್ಭದಲ್ಲಿ ಮಾಡಿ, ಇದು ಎಷ್ಟರಮಟ್ಟಿಗೆ ತಾನಾಗೇ ಆಗ್ತಿದೆ ಅಂತ ದಾಖಲೆ ಮಾಡ್ಬೇಕು. 84 ದಿನ ನಡೀತು. ಸಾಲಾಗಿ ನಿಲ್ಲಿಸಿದ್ರೆ ಮಧ್ಯದಲ್ಲಿ ಬರೋ ಲೆಕ್ಕ 66 ದಿನ. ಬೇಗ ಆದವರಿಗೆ 18, ತಡ ಆದವರಿಗೆ 254.

ಈಗ ಸ್ವಲ್ಪ ಗಮನ ಕೊಡಿ, ಕ್ಲಾಸಲ್ಲಿ ಇಲ್ಲೇ ಹುಡುಗರನ್ನ ನಿಲ್ಲಿಸಿ ಕೇಳ್ತೀನಿ ನಾನು. ನಡೆದಿದ್ದು 84 ದಿನ, 254 ಎಲ್ಲಿಂದ ಬಂತು? ಇಲ್ಲಿವರೆಗೆ ಸರಿಯಾಗಿ ಉತ್ತರ ಹೇಳಿದವರು ಕಡಿಮೆ. ಯಾರೂ 254 ದಿನ ಕೂತು ನೋಡಿಲ್ಲ, ಇದ್ದ ದಾಖಲೆಗೆ ಗ್ರಾಫ್ ಗೆರೆ ಎಳೆದು ಈ ಮನುಷ್ಯ ಇದೇ ವೇಗದಲ್ಲಿ ಹೋದ್ರೆ ಇಷ್ಟು ದಿನಕ್ಕೆ ಮುಟ್ತಾನೆ ಅಂತ ಹಾಕಿದ ಅಂದಾಜು ಅದು. ಹಂಗಾಗಿ ಈಗ ಕೆಲವರು 21 ಬಿಟ್ಟು "66 ದಿನದ ಚಾಲೆಂಜ್" ಶುರು ಮಾಡಿದಾರಲ್ಲ, ದಯವಿಟ್ಟು ಅದನ್ನೂ ತರಬೇಡಿ. 18ಕ್ಕೂ 254ಕ್ಕೂ ನಡುವೆ ಅಷ್ಟು ಅಂತರ ಇದೆ ಅಂದ್ರೆ ಎಲ್ಲರಿಗೂ ಒಂದೇ ನಂಬರ್ ಅನ್ನೋದೇ ಇಲ್ಲ ಅಂತ ಅರ್ಥ. ಆ ಅಧ್ಯಯನದಲ್ಲಿ ನಿಮಗೆ ಬೇಕಾಗಿರೋದು ಬೇರೆ ಎರಡು ಮಾತು. ಶುರುವಿನ ದಿನಗಳಲ್ಲಿ ಅಭ್ಯಾಸ ಬೇಗ ಬೇಗ ಏರುತ್ತೆ, ಆಮೇಲೆ ನಿಧಾನ ಆಗಿ ಸಮತಟ್ಟಾಗುತ್ತೆ. ಇನ್ನೊಂದು, ನಡುವೆ ಒಂದು ದಿನ ತಪ್ಪಿದ್ರೆ ಹೇಳಿಕೊಳ್ಳೋ ಅಂಥ ನಷ್ಟ ಆಗಲ್ಲ. ಒಂದು ದಿನ ತಪ್ಪಿದ್ರೆ ಮತ್ತೆ ಒಂದರಿಂದ ಎಣಿಸಬೇಕು ಅಂತಾರಲ್ಲ, ಅದು ಶುದ್ಧ ಸುಳ್ಳು. ಆ ಸುಳ್ಳಿಂದ ಒಳ್ಳೊಳ್ಳೆ ಹುಡುಗ್ರು ಗೋಲನ್ನೇ ಬಿಟ್ಟಿದ್ದು ನೋಡಿದೀನಿ.

ಇಷ್ಟು ಹೇಳಿದ್ರೂ "ಫಾರಿನ್ ರಿಸರ್ಚ್ ಬಿಡಿ ಸರ್, ನಮ್ಮಲ್ಲಿ ಮಂಡಲ ಅಂತ ಮಾಡ್ತಾರಲ್ಲ" ಅನ್ನೋರು ಇರ್ತಾರೆ. ಸರಿ, ನಮ್ಮಲ್ಲಿಗೇ ಬರೋಣ. ಅಯ್ಯಪ್ಪ ಮಾಲೆ ತಗೊಳ್ಳಿ. 41 ದಿನದ ವ್ರತ, ಅಂದ್ರೆ ನಿಮ್ಮ ವಿಡಿಯೋದವರು ಹೇಳೋ ಲೆಕ್ಕದ ಹತ್ತಿರ ಹತ್ತಿರ ಎರಡರಷ್ಟು. ಆ 41 ದಿನ ಕುಡಿಯೋರು ಒಂದು ತೊಟ್ಟು ಮುಟ್ಟಲ್ಲ, ಸಿಗರೇಟ್ ಇಲ್ಲ, ಮಾಂಸ ಇಲ್ಲ, ಚಳಿಗಾಲದಲ್ಲಿ ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲು, ನೆಲದ ಮೇಲೆ ಚಾಪೆ. 21 ದಿನಕ್ಕೇ ಅಭ್ಯಾಸ ಆಗೋದಾಗಿದ್ರೆ ಶಬರಿಮಲೆಗೆ ಹೋಗಿ ಬಂದವರೆಲ್ಲ ಜೀವನಪೂರ್ತಿ ಬೆಳಗಿನ ಜಾವವೇ ಏಳ್ತಿರಬೇಕಿತ್ತು. ಏನಾಗುತ್ತೆ ಅಂತ ನಿಮಗೂ ಗೊತ್ತು, ನಿಮ್ಮ ಬೀದಿಲೂ ನೋಡಿರ್ತೀರಿ. ಅಲ್ಲಿಂದಲೇ ಕುಡಿತ ಪೂರ್ತಿ ಬಿಟ್ಟವರು ಇದಾರೆ, ಇಲ್ಲ ಅನ್ನಲ್ಲ, ಆದ್ರೆ ಮಾಲೆ ತೆಗೆದ ಸಂಜೆಗೇ ಹಳೇ ಜಾಗದಲ್ಲಿ ಹಳೇ ಗೆಳೆಯರ ಜೊತೆ ಕೂತವರ ಸಂಖ್ಯೆ ಏನು ಕಡಿಮೆನಾ?

ಇದನ್ನ ಭಕ್ತಿ ಕಡಿಮೆ ಅಂತ ಆಡ್ಕೊಳ್ಳೋಕೆ ಹೇಳ್ತಿಲ್ಲ. 41 ದಿನ ಆ ಮನುಷ್ಯನನ್ನ ಹಿಡಿದಿಟ್ಟಿದ್ದು ಏನು ನೋಡಿ. ಮೈಮೇಲೆ ಕಪ್ಪು ಬಟ್ಟೆ, ಕೊರಳಲ್ಲಿ ಮಾಲೆ. ನಿನ್ನೆವರೆಗೂ "ಲೋ" ಅಂತಿದ್ದ ಫ್ರೆಂಡ್ಸು ಇವತ್ತಿಂದ "ಸ್ವಾಮಿ" ಅಂತಾರೆ. ಮನೇಲಿ ಅಡುಗೆನೇ ಬದಲಾಗುತ್ತೆ. ಸಂಜೆ ಬಾರ್ ಕಡೆ ತಿರುಗೋ ಹೊತ್ತಿಗೆ ಭಜನೆ ಇರುತ್ತೆ, ತಪ್ಪಿಸಿದ್ರೆ ಗುರುಸ್ವಾಮಿ ಕೇಳ್ತಾರೆ. ಮಾಲೆ ಹಾಕ್ಕೊಂಡೇ ಬಾರ್‌ಗೆ ಹೋದ ಅಂತಿಟ್ಕೊಳ್ಳಿ, ಸಪ್ಲೈಯರ್ರೇ ಕೈಮುಗಿದು ವಾಪಸ್ ಕಳಿಸ್ತಾನೆ. ಅಂದ್ರೆ ಆ ದಿನಗಳಲ್ಲಿ ಆತನ ಸುತ್ತ ಇರೋ ಊರೇ ಬೇರೆ. ಮಾಲೆ ತೆಗೆದ ದಿನ ಇದೆಲ್ಲ ಒಂದೇ ಏಟಿಗೆ ಹೋಗುತ್ತೆ, ಹಳೇ ಊರು ವಾಪಸ್ ಬರುತ್ತೆ, ಅದರ ಜೊತೆ ಹಳೇ ಅಭ್ಯಾಸವೂ ಬರುತ್ತೆ. (ದಿನಾ ಕುಡಿಯೋ ಚಟ ಇದ್ದವರು ದಿಢೀರ್ ನಿಲ್ಲಿಸಿದ್ರೆ ಕೈ ನಡುಕ, ಫಿಟ್ಸ್ ಬರಬಹುದು, ಅಂಥವರು ಡಾಕ್ಟರ್ ಹತ್ರ ಹೋಗಿಯೇ ಬಿಡಬೇಕು, ನಿಮ್ಹಾನ್ಸ್‌ನಲ್ಲಿ ಅದಕ್ಕೇ ಬೇರೆ ವಿಭಾಗ ಇದೆ.)

ಇದೇ ವಿಷಯ ಉಲ್ಟಾ ಆಗಿದ್ದೂ ಇದೆ. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರಲ್ಲಿ ಬಹಳ ಜನ ಅಲ್ಲಿ ಹೆರಾಯಿನ್‌ಗೆ ಬಿದ್ದಿದ್ರು. ಇವರೆಲ್ಲ ವಾಪಸ್ ಬಂದ್ರೆ ದೇಶದ ಗತಿ ಏನು ಅಂತ ಸರ್ಕಾರಕ್ಕೆ ಭಯ, 1971ರಲ್ಲಿ ಲೀ ರಾಬಿನ್ಸ್ ಅನ್ನೋ ಸಂಶೋಧಕಿಗೆ ಅಧ್ಯಯನ ವಹಿಸಿದ್ರು. ಮನೆಗೆ ಬಂದ್ಮೇಲೆ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಆ ಚಟಗಾರರಲ್ಲಿ ನೂರಕ್ಕೆ ಐದರಷ್ಟು ಮಾತ್ರ, ಮೊದಮೊದಲು ಯಾರೂ ನಂಬಲಿಲ್ಲ. ಜಾಗ ಬದಲಾಯ್ತು, ಜೊತೆಗಾರರು ಬದಲಾದ್ರು, ಅದು ಅಷ್ಟು ಸುಲಭವಾಗಿ ಸಿಗೋದೂ ನಿಂತ್ಹೋಯ್ತು.

ಈಗ ನಿಮ್ಮ 5 ಗಂಟೆಗೆ ಬರ್ತೀನಿ. 21 ದಿನ ನಿಮ್ಮನ್ನ ಎಬ್ಬಿಸಿದ್ದು ಬರೀ ನೀವಲ್ಲ. ರೂಮ್‌ಮೇಟ್ ಅಲಾರಂ ಇತ್ತು, ಪಿಜಿಯಲ್ಲಿ ತಡ ಆದ್ರೆ ಬಾತ್‌ರೂಮ್ ಕ್ಯೂ, ಲೈಬ್ರರಿಲಿ ಫ್ಯಾನ್ ಕೆಳಗಿನ ಸೀಟ್ ಹೋಗುತ್ತೆ ಅನ್ನೋ ಭಯ. ಊರಿಗೆ ಹೋದ್ರಿ, ಅಲ್ಲಿ ಅಮ್ಮ "ಪಾಪ, ಅಲ್ಲಿ ನಿದ್ದೆ ಕೆಟ್ಟು ಓದ್ತಾನೆ, ಮಲ್ಕೊಳ್ಳಲಿ ಬಿಡಿ" ಅಂತ ಬಾಗಿಲು ಎಳ್ಕೊಂಡು ಹೋಗ್ತಾರೆ. ಸರಿ, ಅದು ಹಬ್ಬ. ವಾಪಸ್ ಬಂದ್ಮೇಲೆ ರಾತ್ರಿ ಎಷ್ಟು ಗಂಟೆಗೆ ಮಲಗ್ತಿದೀರಿ ಅಂತ ಮಾತ್ರ ನೀವು ಬರೆದಿಲ್ಲ ನೋಡಿ. ಯಾರೂ ಬರೆಯಲ್ಲ ಅದನ್ನ. ಒಂದು ಗಂಟೆವರೆಗೆ ರೀಲ್ಸ್ ನೋಡಿ 5ಕ್ಕೆ ಏಳ್ತೀನಿ ಅಂದ್ರೆ ಅದು ಗೋಲ್ ಅಲ್ಲ, ಮೈಗೆ ಕೊಡೋ ಶಿಕ್ಷೆ. ಮತ್ತೆ ಇನ್ನೊಂದು, 5ಕ್ಕೆ ಏಳೋದು ನಿಮ್ಮ ಗೋಲೇ ಅಲ್ವಲ್ಲ? ಎಕ್ಸಾಮ್ ಪಾಸಾಗೋದು ತಾನೆ? ರಾತ್ರಿ 8ರಿಂದ 11 ಚೆನ್ನಾಗಿ ಓದೋಕಾಗೋರು ಸುಮ್ನೆ 5 ಗಂಟೆ ಹಿಂದೆ ಯಾಕೆ ಬೀಳ್ಬೇಕು.

ಮಾಡ್ಬೇಕಾದ್ದು ಏನು ಅಂದ್ರೆ, ಯಾವಾಗ, ಎಲ್ಲಿ, ಯಾವುದರ ಹಿಂದೆ ಅಂತ ಒಂದೇ ಸಾಲಲ್ಲಿ ಬರೆದಿಡಿ. "ಮುಖ ತೊಳ್ಕೊಂಡ ತಕ್ಷಣ, ಕಿಟಕಿ ಪಕ್ಕದ ಟೇಬಲ್‌ನಲ್ಲಿ, ರಾತ್ರಿನೇ ತೆಗೆದಿಟ್ಟ ಹಳೇ ಪ್ರಶ್ನೆಪತ್ರಿಕೆ ಬಿಡಿಸ್ತೀನಿ." ಇಷ್ಟೇನಾ ಅನ್ಬೇಡಿ. ಬ್ರಿಟನ್‌ನಲ್ಲಿ 2002ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ 248 ವಿದ್ಯಾರ್ಥಿಗಳನ್ನ ಮೂರು ಗುಂಪು ಮಾಡಿದ್ರು, ವಾರಕ್ಕೆ ಒಂದು ಸಲನಾದ್ರೂ 20 ನಿಮಿಷ ವ್ಯಾಯಾಮ ಮಾಡ್ತಾರಾ ಅಂತ ನೋಡೋಕೆ. ಏನೂ ಹೇಳದ ಗುಂಪಲ್ಲಿ ನೂರಕ್ಕೆ 38 ಜನ ಮಾಡಿದ್ರು. ಹೃದಯದ ಕಾಯಿಲೆ ಬಗ್ಗೆ ಓದಿಸಿ ಹುರಿದುಂಬಿಸಿದ ಗುಂಪಲ್ಲಿ 35. ಅದನ್ನೂ ಓದಿಸಿ, ಯಾವ ದಿನ ಯಾವ ಹೊತ್ತಿಗೆ ಎಲ್ಲಿ ಮಾಡ್ತೀನಿ ಅಂತ ಬರೆಸ್ಕೊಂಡ ಗುಂಪಲ್ಲಿ 91. ಮಧ್ಯದ ಗುಂಪನ್ನ ಇನ್ನೊಂದ್ಸಲ ನೋಡಿ, ನೀವು ದಿನಾ ನೋಡೋ ಮೋಟಿವೇಷನ್ ವಿಡಿಯೋಗಳಿಗೆ ಅದರಲ್ಲೇ ಉತ್ತರ ಇದೆ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗೀತು. ಆದ್ರೆ ಮಾಲೆ ವಿಷಯ ಬಂದಿದ್ದಕ್ಕೆ ನೀವು ಕೇಳದೇ ಇರೋದು ಒಂದು ಹೇಳ್ತೀನಿ. ಮಾಲೆ ಹಾಕಿದ್ದು ಊರಿಗೆಲ್ಲ ಗೊತ್ತಾಗೋದ್ರಿಂದ ತಾನೇ ಅದು ನಡಿಯೋದು, ಹಾಗಾದ್ರೆ ನನ್ನ ಗೋಲನ್ನೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಎಲ್ಲರಿಗೂ ಸಾರಿಬಿಡ್ಲಾ ಅಂತ ಯಾರಿಗಾದ್ರೂ ಅನಿಸಬಹುದು. ತಡೀರಿ. ಪೀಟರ್ ಗೋಲ್ವಿಟ್ಜರ್ ಅನ್ನೋ ಮನಃಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಕಾನೂನು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ನಾನು ಒಳ್ಳೆ ಲಾಯರ್ ಆಗೋಕೆ ಇಷ್ಟು ಓದ್ತೀನಿ ಅನ್ನೋದನ್ನ ಇನ್ನೊಬ್ಬರು ಗಮನಿಸಿದ್ರು ಅಂತ ಗೊತ್ತಾದವರು ಆಮೇಲೆ ಕೇಸ್ ಬಿಡಿಸೋಕೆ ಕೂರಿಸಿದಾಗ ಉಳಿದವರಿಗಿಂತ ಬೇಗ ಎದ್ದುಹೋದ್ರು. ಹೇಳಿದ್ದಕ್ಕೇ ಅರ್ಧ ಲಾಯರ್ ಆದಷ್ಟು ಖುಷಿ. ನಮ್ಮಲ್ಲೂ "ಫ್ಯೂಚರ್ ಕೆಎಎಸ್" ಅಂತ ಪ್ರೊಫೈಲ್‌ನಲ್ಲಿ ಹಾಕ್ಕೊಂಡು, ಗೆಳೆಯರಿಂದ "ಆಲ್ ದಿ ಬೆಸ್ಟ್ ಸರ್" ಅನ್ನಿಸ್ಕೊಂಡು, ಪ್ರಿಲಿಮ್ಸ್ ಹೊತ್ತಿಗೆ ಕಾಣೆ ಆಗೋರು ಇದಾರಲ್ಲ.

ಮಾಲೆ ಹಾಕಿದವರಿಗೆ ಮಾಲೆ ಹಾಕಿದ್ದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲ್ಲ, ದಿನಾ ನಡತೆ ನೋಡ್ತಾರೆ, ತಪ್ಪಿದ್ರೆ ಮುಖದ ಮೇಲೇ ಕೇಳ್ತಾರೆ. ನೀವೂ ಹೇಳೋದಾದ್ರೆ ಅಂಥ ಒಬ್ಬರಿಗೆ ಹೇಳಿ. ಲೈಕ್ ಒತ್ತೋರಿಗೆ ಬೇಡ. ಲೈಬ್ರರಿಲಿ ಪಕ್ಕದ ಸೀಟಿನವರಿಗೆ "ನಾಳೆ 6 ಗಂಟೆಗೆ ನಾನು ಬಂದಿಲ್ಲ ಅಂದ್ರೆ ಫೋನ್ ಮಾಡಿ ಬೈರಿ" ಅಂತ ಹೇಳಿ, ನೀವೂ ಅವರಿಗೆ ಅದೇ ಮಾಡಿ. ಮತ್ತೆ ಗೋಡೆ ಮೇಲಿರೋ ಆ ಟಿಕ್ ಕ್ಯಾಲೆಂಡರ್ ಇದ್ರೆ ಇರಲಿ, ತೆಗೀಬೇಡಿ, ಮುಂದಿನ ಸಲ ಊರಿಗೆ ಹೋಗಿ ಬಂದಾಗ 22 ಅಂತಲೇ ಮುಂದುವರಿಸಿ.